ಅಳಿಸುವ ಅಧಿಕಾರ

ಅಭಾವದಿಂದ ಬಂದ ಸಂಯಮವನ್ನು ಸದ್ಗುಣವೆನ್ನಬಹುದೆ? ಛಾಯಾಗ್ರಹಣದ ಹವ್ಯಾಸವುಳ್ಳ ಹಿರಿಯರ ಮಾತು ಕೇಳಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಫಿಲ್ಮಿನ ಕಾಲದಲ್ಲಿ ನಾವು ನೋಡಿ, ಯೋಚಿಸಿ, ಆಮೇಲೆ ಗುಂಡಿ ಒತ್ತುತ್ತಿದ್ದೆವು. ಈಗಿನವರು ಮೊದಲು ಒತ್ತಿ ಆಮೇಲೆ ನೋಡುತ್ತಾರೆ ಎಂಬುದು ಅವರ ದೂರು.

ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಮಧ್ಯಮ ವರ್ಗದ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾಕ್ಕೆ 120ರ ರೋಲು ಹಾಕಿದರೆ ದೊರೆಯುತ್ತಿದ್ದುದು 12 ಚಿತ್ರ. 35 ಮಿಲಿಮೀಟರಿನ ದೊಡ್ಡ ರೋಲಿನಲ್ಲಿ 36. ತೊಳೆಸಿ ಪ್ರಿಂಟು ಹಾಕಿಸುವ ಖರ್ಚು ಬೇರೆ. ಮದುವೆಮನೆಯಲ್ಲಿ ಯಾರನ್ನು ತೆಗೆಯುವುದು, ಯಾರನ್ನು ಬಿಡುವುದು ಎಂಬುದೇ ಒಂದು ಧರ್ಮಸಂಕಟ. 1975ರಲ್ಲಿ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೂಪಿಸಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಇಂದಿನ ಮೊಬೈಲು ಮದುವೆಮನೆಯನ್ನೆಲ್ಲ ತೆಗೆದು ಮುಗಿಸೀತು.

ಆದರೂ ಹಿರಿಯರ ತೀರ್ಮಾನವನ್ನು ನಾನು ಒಪ್ಪಲಾರೆ. ಅನ್ನವಿಲ್ಲದವನ ಹಸಿವು ಏಕಾದಶಿಯ ಉಪವಾಸವಾಗದು. ನಮ್ಮ ಮಿತವ್ಯಯ ಜೇಬು ಹೇರಿದ್ದು, ಮನಸ್ಸು ಆರಿಸಿಕೊಂಡದ್ದಲ್ಲ. ಅದರ ಹೊರೆ ಬಿದ್ದದ್ದಾದರೂ ಯಾರ ಮೇಲೆ? ಆ ಹನ್ನೆರಡು ಚಿತ್ರಗಳು ವಧೂವರರಿಗೆ, ಬೀಗರಿಗೆ ಮುಗಿದುಹೋಗುತ್ತಿದ್ದವು. ಒಲೆಯ ಮುಂದೆ ಬೆವರುತ್ತಿದ್ದವರಿಗೆ ಉಳಿಯುತ್ತಿರಲಿಲ್ಲ. ಇಂದು ನಮ್ಮ ಬೀದಿಯಲ್ಲಿ ಹೂ ಮಾರುವಾಕೆಯ ಮೊಬೈಲಿನಲ್ಲಿ ಅವಳ ಮಗಳ ನೂರಾರು ಚಿತ್ರಗಳಿವೆ. ಇದನ್ನು ನಷ್ಟವೆನ್ನಲು ನನಗೆ ನಾಲಗೆ ಬಾರದು.

ನಷ್ಟವಾಗಿರುವುದು ಬೇರೊಂದು. ಫಿಲ್ಮಿನ ಮೇಲೆ ಒಮ್ಮೆ ಬೆಳಕು ಬಿದ್ದರೆ ಮುಗಿಯಿತು. ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಕಣ್ಣು ಮುಚ್ಚಿದ ಸೋದರಮಾವ, ಮುನಿಸಿಕೊಂಡ ತಂಗಿ, ಎಲ್ಲರೂ ಒಂದೇ ನೆಗೆಟಿವ್ ಪಟ್ಟಿಯಲ್ಲಿ ಅಕ್ಕಪಕ್ಕ ಉಳಿಯುತ್ತಿದ್ದರು. ಯಾರನ್ನು ನೋಡಬೇಕೆಂಬ ಆಯ್ಕೆ ನಮ್ಮದು, ಅವರು ಹೇಗೆ ಕಾಣಬೇಕೆಂಬುದು ನಮ್ಮದಲ್ಲ. ಈಗ ಎರಡೂ ನಮ್ಮವೇ. ಮೆಚ್ಚಿಗೆಯಾಗದ್ದನ್ನು ನಿಂತಲ್ಲೇ ಅಳಿಸುತ್ತೇವೆ, ನಗುಮುಖಗಳಷ್ಟೇ ಉಳಿಯುತ್ತವೆ. ಮುಂದೆ ನೋಡುವ ಮೊಮ್ಮಕ್ಕಳು, ಈ ಮನೆಯಲ್ಲಿ ಯಾರೂ ಎಂದೂ ಮುನಿದವರಲ್ಲ ಎಂದುಕೊಂಡಾರು.

ನನ್ನ ತಾಯಿಯ ಚಿತ್ರವೊಂದಿದೆ. ಕ್ಯಾಮೆರಾ ಕಂಡು ರೇಗಿ, ಸೆರಗನ್ನು ಅರ್ಧ ಮುಖಕ್ಕೆ ಅಡ್ಡ ಹಿಡಿದಿದ್ದಾಳೆ. ಡಿಜಿಟಲ್ ಕ್ಯಾಮೆರಾವಾಗಿದ್ದರೆ ಅದು ಆ ಗಳಿಗೆಯಲ್ಲೇ ಅಳಿದುಹೋಗುತ್ತಿತ್ತು. ಆಕೆಯ ನಗುವ ಚಿತ್ರಗಳು ಚೆನ್ನಾಗಿಯೇ ಇವೆ. ಆದರೆ ಆಕೆಯ ದನಿ ನನಗೆ ಕೇಳಿಸುವುದು ಇದೊಂದರಲ್ಲಿ.

ಆದ್ದರಿಂದ, ಬೇಕಾದಷ್ಟು ತೆಗೆಯಿರಿ ಎಂದೇ ನಾನು ಕಿರಿಯರಿಗೆ ಹೇಳುತ್ತೇನೆ. ಸಂಯಮ ಬೇಕಾಗಿರುವುದು ಅಳಿಸುವ ಬೆರಳಿಗೆ. ಅದನ್ನು ಯಾವ ಅಭಾವವೂ ನಮ್ಮ ಮೇಲೆ ಹೇರದು. ಆರಿಸಿಕೊಂಡರೆ ಮಾತ್ರ ಬರುವಂಥದು. ಸದ್ಗುಣವೆಂಬ ಮಾತು ಅದಕ್ಕೆ ಒಪ್ಪುತ್ತದೆ.