ಬಿದ್ದವನನ್ನು ನೋಡಿ ನಗುವುದು

ಹ್ಯೂ ಗ್ರಿಫಿತ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ‘ಬೆನ್ ಹರ್’ ಸಿನಿಮಾದಲ್ಲಿ ನಾಲ್ಕು ಬಿಳಿ ಕುದುರೆಗಳನ್ನು ಹೆತ್ತ ಮಕ್ಕಳ ಹಾಗೆ ಮುದ್ದಿಸುವ ಅರಬ್ ಶೇಖ್ ಎಂದರೆ, ‘ಓ, ಆ ದೊಡ್ಡ ಕಣ್ಣಿನವನಾ?’ ಎನ್ನುತ್ತಾರೆ. ಪೋಷಕ ನಟರ ಹಣೆಬರಹ ಅಷ್ಟೇ. ಮುಖ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. 1959ರ ಆ ಪಾತ್ರಕ್ಕೆ ಅವನಿಗೆ ಆಸ್ಕರ್ ಬಂತು. ವೇಲ್ಸಿನವನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಅರಬನಾದದ್ದು ಇವತ್ತು ಕಣ್ಣಿಗೆ ಚುಚ್ಚುತ್ತದೆ, ಅದು ಬೇರೆಯೇ ಚರ್ಚೆ. ನನ್ನನ್ನು ಕಾಡುತ್ತಿರುವುದು ಇನ್ನೊಂದು ಕುದುರೆ.

1963ರ ‘ಟಾಮ್ ಜೋನ್ಸ್’ನಲ್ಲಿ ಗ್ರಿಫಿತ್ ಸ್ಕ್ವೈರ್ ವೆಸ್ಟರ್ನ್ ಎಂಬ ಹಳ್ಳಿಯ ಜಮೀನುದಾರ. ಬೇಟೆ, ಹೆಂಡ, ಬೈಗುಳ, ಈ ಮೂರರಲ್ಲೇ ಬದುಕುವ ಮನುಷ್ಯ. ಒಂದು ಕಡೆ ಅವನ ಕುದುರೆ ಸವಾರನ ಸಮೇತ ಉರುಳಿಬೀಳುತ್ತದೆ. ಸುತ್ತಲಿದ್ದವರು ಅವನನ್ನು ಬಿಡಿಸಲು ಓಡಿಬರುತ್ತಾರೆ. ನೋಡುವವರು ಗೊಳ್ಳೆಂದು ನಗುತ್ತಾರೆ, ನಾನೂ ನಕ್ಕಿದ್ದೆ. ಆದರೆ ಆ ಬೀಳುವುದು ಚಿತ್ರಕಥೆಯಲ್ಲಿ ಇರಲಿಲ್ಲ. ಅದು ನಿಜವಾದ ಅಪಘಾತ. ಆಗ ಗ್ರಿಫಿತ್ ಕುಡಿದಿದ್ದ ಎಂದು ಆ ಚಿತ್ರದ ಬಗ್ಗೆ ಬರೆದವರು ಹೇಳುತ್ತ ಬಂದಿದ್ದಾರೆ. ನಿರ್ದೇಶಕ ಟೋನಿ ರಿಚರ್ಡ್‌ಸನ್ ಆ ತುಣುಕನ್ನು ಎಸೆಯದೆ ಸಿನಿಮಾದಲ್ಲಿ ಉಳಿಸಿಕೊಂಡ. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಬಂತು, ಗ್ರಿಫಿತ್‌ಗೆ ಮತ್ತೊಂದು ನಾಮನಿರ್ದೇಶನ.

ಗೊತ್ತಿಲ್ಲದೆ ನಕ್ಕವನದು ತಪ್ಪೇನೂ ಅಲ್ಲ. ಗೊತ್ತಾದ ಮೇಲೂ ನಗಬಹುದೇ ಎಂಬುದು ಪ್ರಶ್ನೆ.

ನಮ್ಮ ನಾಟ್ಯಶಾಸ್ತ್ರಕ್ಕೆ ಕುಡುಕ ಹೊಸಬನಲ್ಲ. ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ‘ಮದ’ವೂ ಒಂದು. ಅದರಲ್ಲಿ ಮೂರು ಬಗೆ, ಯಾವ ಬಗೆಗೆ ನಡಿಗೆ ಹೇಗೆ ತಡವರಿಸಬೇಕು, ಕಣ್ಣು ಹೇಗೆ ತೇಲಬೇಕು ಎಂದೆಲ್ಲ ಭರತ ಹೇಳುತ್ತಾನೆ. ಈ ವಿವರಗಳ ಹಿಂದೆ ಒಂದು ನಂಬಿಕೆ ಇದೆ. ತೂರಾಡುತ್ತಿರುವುದು ಪಾತ್ರ, ನಟನಲ್ಲ. ಜಾರಿಬಿದ್ದ ವಿದೂಷಕ ನೇಪಥ್ಯಕ್ಕೆ ಹೋಗಿ ಧೂಳು ಕೊಡವಿಕೊಂಡು ನೀರು ಕುಡಿಯುತ್ತಾನೆ ಎಂಬ ಭರವಸೆಯ ಮೇಲೆಯೇ ನಮ್ಮ ನಗು ನಿಂತಿದೆ. ಬೀದಿಯಲ್ಲಿ ಮುದುಕನೊಬ್ಬ ಬಿದ್ದರೆ ಕೈಕೊಡಲು ಓಡುವ ನಾವು, ರಂಗದ ಮೇಲೆ ಬಿದ್ದವನನ್ನು ನೋಡುತ್ತ ಕುರ್ಚಿಯಲ್ಲಿ ಕೂತೇ ಇರುತ್ತೇವಲ್ಲ, ಆ ಕೂತಿರುವ ಹಕ್ಕನ್ನು ಕೊಡುವುದು ನಟನೆ. ಕುದುರೆ ಉರುಳಿದ ಕ್ಷಣದಲ್ಲಿ ನಟನೆ ಇರಲಿಲ್ಲ. ಹಾಗಾದರೆ ನನ್ನ ಕುರ್ಚಿಯ ಹಕ್ಕು ಎಲ್ಲಿಂದ ಬಂತು?

ಇದಕ್ಕೆ ಎದುರು ಮಾತು ಸುಲಭವಾಗಿ ಹೇಳಬಹುದು. ಅವನು 1980ರಲ್ಲೇ ತೀರಿಹೋದ, ನಾನು ಈಗ ನಕ್ಕರೆ ಯಾರಿಗೂ ನೋವಿಲ್ಲ. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದು ಎನ್ನುವಾಗ ನಾವು ಅವರಿಗೆ ಆಗುವ ನೋವನ್ನು ಲೆಕ್ಕ ಹಾಕುವುದಿಲ್ಲ. ಇದಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಗ್ರಿಫಿತ್ ಕಸುಬುದಾರ. ಒಳ್ಳೆಯ ಶಾಟ್ ಎಂದು ಅವನೇ ಹೆಮ್ಮೆಪಟ್ಟಿರಬಹುದಲ್ಲ? ಇರಬಹುದು. ತಾನು ಬಿದ್ದದ್ದನ್ನು ತಾನೇ ತಮಾಷೆ ಮಾಡಿ ಹೇಳಿ ನಾಲ್ಕು ಜನರನ್ನು ನಗಿಸುವ ಕುಡುಕರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ತಮಾಷೆ ಒಪ್ಪಿಗೆಯೋ ಮರ್ಯಾದೆ ಉಳಿಸಿಕೊಳ್ಳುವ ಉಪಾಯವೋ ಎಂದು ಪಕ್ಕದಲ್ಲೇ ಕೂತವರಿಗೂ ತಿಳಿಯುವುದು ಕಷ್ಟ.

ಅವನು ಮೊದಲು ಬ್ಯಾಂಕ್ ಗುಮಾಸ್ತ. ಆಂಗ್ಲ್‌ಸೀ ದ್ವೀಪದ ಮರಿಯನ್ ಗ್ಲಾಸ್ ಎಂಬ ಊರಿನಲ್ಲಿ 1912ರಲ್ಲಿ ಹುಟ್ಟಿ, ಬ್ಯಾಂಕಿನ ಕೆಲಸದ ನೆಪದಲ್ಲಿ ಲಂಡನ್ ಸೇರಿ, ನಾಟಕಶಾಲೆಗೆ ಹೋದ. ಅಷ್ಟರಲ್ಲಿ ಯುದ್ಧ ಬಂತು. ರಾಯಲ್ ವೆಲ್ಷ್ ಫ್ಯುಸಿಲಿಯರ್ಸ್ ಪಡೆಯಲ್ಲಿ ಭಾರತ, ಬರ್ಮಾಗಳನ್ನು ಸುತ್ತಿ, ಯುದ್ಧ ಮುಗಿದ ಮೇಲೆ ಮತ್ತೆ ಬಣ್ಣ ಹಚ್ಚಿದ. ಕುಡಿತಕ್ಕೆ ಯುದ್ಧವೇ ಕಾರಣ ಎಂದು ಹೊಂದಿಸಿ ಹೇಳಿಬಿಡಬಹುದು. ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ.

ನನಗೆ ಕಾಣುವುದು ಅವನಿಗೆ ಸಿಕ್ಕ ಪಾತ್ರಗಳು. 1949ರ ‘ಎ ರನ್ ಫಾರ್ ಯುವರ್ ಮನಿ’ಯಲ್ಲಿ ಕುಡುಕ ಸಂಗೀತಗಾರ. 1957ರಲ್ಲಿ ಬ್ರಾಡ್‌ವೇ ರಂಗದ ಮೇಲೆ ‘ಲುಕ್ ಹೋಮ್‌ವರ್ಡ್, ಏಂಜೆಲ್’ನ ಕಲ್ಲುಕುಟಿಗ ಗ್ಯಾಂಟ್, ಮಹಾ ಕುಡುಕ ಅಪ್ಪ. ಆಮೇಲೆ ಸ್ಕ್ವೈರ್ ವೆಸ್ಟರ್ನ್. 1968ರಲ್ಲಿ ‘ದ ಫಿಕ್ಸರ್’ನಲ್ಲಿ ಕುಡಿದು ಹಿಮದಲ್ಲಿ ಬಿದ್ದಿರುವ ಲೆಬೆದೆವ್, ಅದೇ ವರ್ಷ ‘ಆಲಿವರ್!’ನಲ್ಲಿ ನ್ಯಾಯಪೀಠದ ಮೇಲೆಯೇ ಅಮಲೇರಿಸಿಕೊಂಡ ಮ್ಯಾಜಿಸ್ಟ್ರೇಟ್. ಬೇರೆ ಪಾತ್ರಗಳೂ ಇದ್ದವು ಅನ್ನಿ. ಆದರೂ ಮತ್ತೆ ಮತ್ತೆ ಅವನ ಕೈಗೆ ಲೋಟ ಕೊಟ್ಟವರು ಯಾರು? ನಾಯಕನಿಗೆ ‘ಈ ಸಲ ಬೇರೆಯವನಾಗು’ ಎನ್ನುವ ಉದ್ಯಮ ಪೋಷಕ ನಟನಿಗೆ ‘ಹೋದ ಸಲದ ಹಾಗೇ ಇರು’ ಎನ್ನುತ್ತದೆ. ಕಾಯಿಲೆಯೇ ಅರ್ಹತಾಪತ್ರವಾದರೆ ಅದನ್ನು ಕಳೆದುಕೊಳ್ಳುವ ಮನಸ್ಸು ಯಾರಿಗೆ ಬಂದೀತು? ಆ ಉದ್ಯಮ ನಡೆಯುವುದು ನನ್ನ ಟಿಕೆಟ್ಟಿನ ದುಡ್ಡಿನಿಂದ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಹಾಗಂತ ಅವನ ಕಲೆಯನ್ನೆಲ್ಲ ಕಾಯಿಲೆಯ ಖಾತೆಗೆ ಬರೆಯುವುದೂ ಅನ್ಯಾಯ. ‘ಬೆನ್ ಹರ್’ನ ಶೇಖ್ ರೋಮನ್ನರ ಸ್ನಾನಗೃಹಕ್ಕೆ ಬಂದು ಮೆಸ್ಸಾಲನನ್ನು ಪಂದ್ಯಕ್ಕೆ ಎಳೆಯುವ ದೃಶ್ಯ ನೋಡಿ. ಒಂದೊಂದು ಮಾತಿಗೂ ತೂಕ, ಒಂದೊಂದು ನಿಲುಗಡೆಗೂ ಲೆಕ್ಕ. ಹುಬ್ಬು ಎಷ್ಟು ಏರಬೇಕು ಎಂದು ಗೊತ್ತಿರುವ ಮನುಷ್ಯ. ‘ಎ ರನ್ ಫಾರ್ ಯುವರ್ ಮನಿ’ಯ ಕುಡುಕ ಅಡವಿಟ್ಟ ಹಾರ್ಪ್ ವಾದ್ಯವನ್ನು ಬಿಡಿಸಿಕೊಂಡು, ಆಳೆತ್ತರದ ಅದನ್ನು ಹೊತ್ತು ಗೆಳೆಯನ ಜೊತೆ ಲಂಡನ್ನಿನ ಬೀದಿ ಬೀದಿ ಅಲೆಯುವುದನ್ನು ನೋಡಿ ನಾನು ಯಾವ ಅಳುಕೂ ಇಲ್ಲದೆ ನಗುತ್ತೇನೆ. ಅಲ್ಲಿ ತೂರಾಟವನ್ನು ಅವನು ಕಟ್ಟಿದ್ದಾನೆ, ಅದು ಅವನ ಸ್ವಂತ ಆಸ್ತಿ.

‘ಟಾಮ್ ಜೋನ್ಸ್’ ನೋಡುವುದನ್ನು ನಾನು ಬಿಟ್ಟಿಲ್ಲ. ಆ ದೃಶ್ಯ ಬಂದಾಗ ನನ್ನ ಕಣ್ಣು ಈಗ ಗ್ರಿಫಿತ್‌ನನ್ನು ಬಿಟ್ಟು ಓಡಿಬರುವವರ ಕಡೆ ಹೋಗುತ್ತದೆ. ಹದಿನೆಂಟನೇ ಶತಮಾನದ ಉಡುಪು ತೊಟ್ಟು, ಕ್ಯಾಮೆರಾ ಇನ್ನೂ ಓಡುತ್ತಿದೆಯೋ ಇಲ್ಲವೋ ಎಂದು ನೋಡದೆ, ಅವರು ಕುದುರೆಯ ಕಡೆಗೆ ಓಡುತ್ತಿದ್ದಾರೆ.