ನೆರೆಮನೆಯಾಕೆಯ ಪ್ರಾರ್ಥನೆ, ನಮ್ಮ ಮನೆಯ ಕಪ್ಪು-ಬಸಿ

ಪ್ರಶ್ನೆ: ನಮ್ಮ ನೆರೆಮನೆಯವರು ಮೆಥಡಿಸ್ಟ್ ಕ್ರೈಸ್ತರು. ಆ ಮನೆಯಾಕೆ ನರ್ಸ್. ಅತ್ತೆಯವರಿಗೆ ಬಿ.ಪಿ. ಇದೆ ಅಂತ ದಿನಾ ಬೆಳಿಗ್ಗೆ ತಾವೇ ಬಂದು ನೋಡಿ ಹೋಗುತ್ತಾರೆ, ಒಂದು ರೂಪಾಯಿ ಮುಟ್ಟುವುದಿಲ್ಲ. ಚಹಾ ಕೊಟ್ಟರೆ ಕುಡಿಯುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ಅದನ್ನು ನೋಡಿ ನಮ್ಮ ಹತ್ತು ವರ್ಷದ ಮಗಳೂ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೂಡುತ್ತಾಳೆ. ದೇವರ ಮನೆ ಇರುವಲ್ಲಿ ಅನ್ಯಧರ್ಮದ ಪ್ರಾರ್ಥನೆ ನಡೆದರೆ ದೋಷವೇ? ಶಾಂತಿ ಮಾಡಿಸಬೇಕೇ? ಮಗಳನ್ನು ತಡೆಯಬೇಕೇ? ಅತ್ತೆಯವರು ಮಡಿವಂತರು, ಆಕೆಗೆಂದೇ ಬೇರೆ ಕಪ್ಪು-ಬಸಿ ಇಡಿಸಿದ್ದಾರೆ. ಮಗಳು ಕಾರಣ ಕೇಳುತ್ತಾಳೆ, ನನಗೆ ಉತ್ತರ ಬರುವುದಿಲ್ಲ.
– ಒಬ್ಬ ಗೃಹಿಣಿ, ರೋಜಾ, ಕಲಬುರಗಿ

ಉತ್ತರ: ತಾಯಿ, ಮೊದಲು ಹೆದರಿಕೆ ಬಿಡಿ. ಉಣ್ಣುವ ಮುಂಚೆ ಕೊಟ್ಟವನನ್ನು ನೆನೆಯುವುದು ಯಾವ ಮನೆಗೂ ದೋಷ ತರುವುದಿಲ್ಲ. ಶಾಂತಿಯೂ ಬೇಡ, ಹೋಮವೂ ಬೇಡ. ನಿಮ್ಮ ರೋಜಾದಲ್ಲೇ ಬಂದೇ ನವಾಜರ ದರ್ಗಾಕ್ಕೆ ಹಿಂದೂ ಮನೆಯವರೂ ಹೋಗಿ ಕೈಮುಗಿದು ಬರುತ್ತಾರೆ. ಅದರಿಂದ ಯಾರ ಮನೆಯ ದೇವರೂ ಎದ್ದು ಹೋಗಿಲ್ಲ.

ಆಕೆ ಕಣ್ಣು ಮುಚ್ಚುವುದನ್ನು ಒಂದು ವಿಷಯವಾಗಿ, ಬಿ.ಪಿ. ನೋಡುವುದನ್ನು ಇನ್ನೊಂದಾಗಿ ಬರೆದಿದ್ದೀರಿ. ಆಕೆಗೆ ಅವೆರಡೂ ಒಂದೇ ವ್ರತದ ಎರಡು ಅಂಗಗಳು. ಮೆಥಡಿಸ್ಟ್ ಎಂಬ ಹೆಸರಿನಲ್ಲೇ ಇದರ ಕಥೆ ಇದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ಉಪವಾಸ, ಗ್ರಂಥಪಠನ ನಡೆಸುತ್ತಿದ್ದರು. 1730ರಿಂದ ಜೈಲಿನ ಕೈದಿಗಳನ್ನು ನೋಡಲು ಹೋಗುವುದೂ ಅದೇ ನಿಯಮದಲ್ಲಿ ಸೇರಿತು. ಉಳಿದವರು ಇವರನ್ನು ‘ಮೆಥಡಿಸ್ಟರು’, ಅಂದರೆ ನಿಯಮದವರು, ಅಂತ ಗೇಲಿ ಮಾಡಿದರು. ಗೇಲಿಯ ಹೆಸರೇ ಪಂಗಡದ ಹೆಸರಾಯಿತು.

ವೆಸ್ಲಿ ಒಂದು ಪ್ರವಚನದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಾರೆ. ವರ್ಷದ ವರಮಾನ 30 ಪೌಂಡ್ ಇದ್ದಾಗ ಆತ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ. ಮರುವರ್ಷ ವರಮಾನ 60 ಆಯಿತು. ಆಗಲೂ 28ರಲ್ಲೇ ಬದುಕಿ 32 ಪೌಂಡ್ ಕೊಟ್ಟ. ಸಂಬಳ ಏರಿದಾಗ ನಮ್ಮ ಮನೆಗಳಲ್ಲಿ ಏನೇನು ಏರುತ್ತದೆ ಅಂತ ಒಮ್ಮೆ ಯೋಚಿಸಿ ನೋಡಿ.

ಏಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನದ ಅನ್ನವನ್ನು ಮಾತ್ರ, ವರ್ಷದ ದಾಸ್ತಾನನ್ನಲ್ಲ. ಇನ್ನೂ ಒಂದು ಮಾತು ಅವರ ಗ್ರಂಥದಲ್ಲಿದೆ. ಪೌರೋಹಿತ್ಯ ಮಾಡುವ ನನ್ನಂಥವನು ಮರೆಯಲಾಗದ ಮಾತು. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ, ನಿನ್ನ ಮೇಲೆ ಯಾರಿಗೋ ನೋವಿದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗು. ಮೊದಲು ಅವರೊಂದಿಗೆ ಸಮಾಧಾನವಾಗು, ಆಮೇಲೆ ಬಂದು ಅರ್ಪಿಸು ಎಂಬುದು ಅದರ ಸಾರ. ಅಂದರೆ ಪೂಜೆಯ ಅಧಿಕಾರ ಪೂಜೆಯ ಹೊರಗಿನ ನಡತೆಯಿಂದ ಬರಬೇಕು.

ನಮ್ಮಲ್ಲಿ ಇದಿಲ್ಲವೇ? ಇದೆ. ಗೃಹಸ್ಥನಿಗೆ ದಿನಾ ಪಂಚಮಹಾಯಜ್ಞ ಹೇಳಿದೆ: ದೇವರು, ಋಷಿಗಳು, ಪಿತೃಗಳು, ಮನುಷ್ಯರು, ಪ್ರಾಣಿಗಳು, ಹೀಗೆ ಐವರ ಋಣ. ಮನುಷ್ಯಯಜ್ಞವೆಂದರೆ ಬಂದ ಅತಿಥಿಯ ಸತ್ಕಾರ. ಈಗ ನಾವು ದೇವಯಜ್ಞವನ್ನು ಪುರೋಹಿತರಿಗೆ, ಪಿತೃಯಜ್ಞವನ್ನು ವರ್ಷದ ಒಂದು ತಿಥಿಗೆ ಒಪ್ಪಿಸಿದ್ದೇವೆ. ಮನುಷ್ಯಯಜ್ಞ ಯಾರ ಪಾಲಿಗೂ ಬಂದಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ನೆರೆಮನೆಯಾಕೆ ನಡೆಸುತ್ತಿದ್ದಾರೆ.

ಮಗಳನ್ನು ತಡೆಯಬೇಡಿ. ಎರಡೂ ಒಂದೇ ಅಂತ ಹೇಳಿಕೊಡಲೂ ಬೇಡಿ. ಅವರ ಉಪಾಸನೆ ಅವರದು, ನಮ್ಮದು ನಮ್ಮದು. ಅನ್ನಪೂರ್ಣೆಯನ್ನು ನೆನೆದು ತಟ್ಟೆಗೆ ಕೈಮುಗಿಯುವುದನ್ನು ಕಲಿಸಿ. ಬರೀ ಹೇಳಿದರೆ ಆಗದು, ದೊಡ್ಡವರೂ ಟಿ.ವಿ. ಬಂದ್ ಮಾಡಿ, ಮೊಬೈಲ್ ಬದಿಗಿಟ್ಟು ಅವಳ ಜೊತೆ ಕೂಡಬೇಕು.

ಇನ್ನು ಕಪ್ಪು-ಬಸಿಯ ಮಾತು. ಮಡಿ ಎಂಬುದು ಮಾಡುವವನು ತನಗೆ ತಾನೇ ಹಾಕಿಕೊಂಡ ಕಟ್ಟು. ಅತ್ತೆಯವರ ಮಡಿಯ ತಂಬಿಗೆಯನ್ನು ನೆರೆಮನೆಯಾಕೆ ಮುಟ್ಟುವಂತಿಲ್ಲ, ನಿಜ. ಆಫೀಸಿನಿಂದ ಬಂದ ಅವರ ಸ್ವಂತ ಮಗನೂ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಅದು ಮಡಿ. ಮನೆಯವರು, ನೆಂಟರು, ಎಲ್ಲರೂ ಕುಡಿಯುವ ಕಪ್ಪಿನಲ್ಲಿ ಆಕೆಗೆ ಮಾತ್ರ ಇಲ್ಲ ಅಂದಾಗ ಅದು ಮಡಿಯಲ್ಲ, ಅವಮಾನ. ತನ್ನ ಕೈ ಹಿಡಿದು ನಾಡಿ ನೋಡುವ ಕೈಯನ್ನು ಒಪ್ಪಿಕೊಂಡು, ಆ ಕೈ ಹಿಡಿದ ಕಪ್ಪನ್ನು ದೂರ ಇಡುವುದಕ್ಕೆ ಶಾಸ್ತ್ರದ ಹೆಸರು ಹೇಳಬಾರದು. ನೀವು ಕೇಳಿದ ದೋಷ ಇರುವುದು ಇಲ್ಲಿ. ಶರಣಬಸವೇಶ್ವರರ ದಾಸೋಹದ ಊರಿನವರು ನೀವು, ಹೆಚ್ಚು ಹೇಳಬೇಕಿಲ್ಲ.

ಹಾಗಂತ ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ಮಗಳ ಎದುರು ಅವರನ್ನು ಸಣ್ಣವರನ್ನಾಗಿ ಮಾಡಬೇಡಿ. ಆ ವಯಸ್ಸಿನಲ್ಲಿ ರೂಢಿ ಒಂದೇ ದಿನಕ್ಕೆ ಬಿಡುವುದಿಲ್ಲ. ದೇವರ ಪಾತ್ರೆ, ಅವರ ಮಡಿಯ ತಂಬಿಗೆ ಹಾಗೇ ಇರಲಿ. ಬೇರೆ ಇಟ್ಟ ಕಪ್ಪನ್ನು ಮನೆಯ ಉಳಿದ ಕಪ್ಪುಗಳ ಜೊತೆ ಸೇರಿಸಿಬಿಡಿ. ನಾಳೆ ಆಕೆ ಬಂದಾಗ ನೀವೂ ಜೊತೆಗೆ ಕೂತು ಚಹಾ ಕುಡಿಯಿರಿ. ಆಕೆ ಕಣ್ಣು ಮುಚ್ಚಿದಾಗ ಮಾತು ನಿಲ್ಲಿಸಿ, ನಿಮ್ಮ ಇಷ್ಟದೇವರನ್ನು ನೆನೆಯಿರಿ. ಅತ್ತೆಯವರು ಕೇಳಿದರೆ, ಪಂಚಮಹಾಯಜ್ಞದಲ್ಲಿ ಒಂದು ಬಾಕಿ ಉಳಿದಿತ್ತು, ಗುರುಗಳು ಹೇಳಿದ್ದಾರೆ ಅಂತ ನನ್ನ ಮೇಲೆ ಹಾಕಿ. ಶುಭವಾಗಲಿ.