ಚಿಗರಿ ನೋಡುವ ಖರ್ಚು

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮಣ್ಣ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಬೇಕೆಂದಿದ್ದಾನೆ. ನನ್ನನ್ನೂ ಕರೆದ, ಖರ್ಚಿನ ಪಟ್ಟಿಯನ್ನೂ ನನಗೇ ವಹಿಸಿದ. ವಿಮಾನ, ವಸತಿ, ಜೀಪು, ಹಳದಿ ಜ್ವರದ ಲಸಿಕೆ ಎಲ್ಲ ಬರೆದೆ. 2024ರಿಂದ ವಿದೇಶಿಯರಿಗೆ ಅಲ್ಲಿನ ಪ್ರವೇಶ ಶುಲ್ಕ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್. ಮೂರು ದಿನಕ್ಕೆ ಒಬ್ಬರಿಗೇ 50 ಸಾವಿರ ರೂಪಾಯಿ ದಾಟುತ್ತದೆ.

ದಸರೆಗೆ ಜವಳಗೇರಾಕ್ಕೆ ಹೋದಾಗ ಮನೆಯಲ್ಲಿ ಪಟ್ಟಿ ಓದಿದೆ. ಮಸ್ಕಿ ಕಡೆಯಿಂದ ಬಂದಿದ್ದ ಸೋದರಮಾವ ನಕ್ಕರು: “ಚಿಗರಿ ನೋಡಾಕ ಅಷ್ಟ್ ದೂರ ಯಾಕ ಹೋಗ್ತೀರಪಾ? ನಮ್ಮ ಹೊಲಕ್ಕ ಬರ್ರಿ, ಪುಕ್ಕಟೆ ತೋರಸ್ತೀನಿ.”

ಎಲ್ಲರೂ ನಕ್ಕೆವು. ಆದರೆ ಮಾವನಿಗೆ ಅದು ಪುಕ್ಕಟೆಯಲ್ಲ. ನಮ್ಮೂರಿನಂತೆ ಅವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಲ್ಲ. ಮಳೆ ನಂಬಿದ ತೊಗರಿ. ಮೊಳಕೆ ಬಂದಾಗ ಚಿಗರಿ ಹಿಂಡು ಮೇಯ್ದರೆ ಮತ್ತೆ ಬಿತ್ತಬೇಕು, ರಾತ್ರಿಯೆಲ್ಲ ಕಾಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಕಾಪಾಡುತ್ತದೆ, ಕಾಪಾಡಲೇಬೇಕು. ಆದರೆ ಕಾಪಾಡುವ ಖರ್ಚು ಯಾರದು?

ಮಾರಾಕ್ಕೆ ಅಂಟಿಕೊಂಡಿರುವ ತಾಂಜಾನಿಯಾದ ಸೆರೆಂಗೆಟಿಯಿಂದ 1959ರಲ್ಲಿ ಮಸಾಯಿ ದನಗಾಹಿಗಳನ್ನು ಹೊರಗೆ ಕಳಿಸಿದರು. ಪ್ರಾಣಿಗಳ ಜೊತೆಗೇ ಬದುಕಿದವರು ನೆಲ ಬಿಟ್ಟರು, ನೋಡುವವರು ಬಂದರು. ನೋಡುವವನು ಮೂರು ದಿನದ ಬೆಲೆ ಕೊಡುತ್ತಾನೆ, ಜೊತೆಗಿರುವವನು ಜೀವಮಾನದ್ದು.

ಹಾಗಾದರೆ ಹೋಗುವುದೇ ತಪ್ಪೇ? ಹಾಗೆನ್ನಲಾರೆ. ನಾನು ಮನೆಯಲ್ಲೇ ಕೂತರೆ ಯಾವ ಮಸಾಯಿಗೂ ನೆಲ ಮರಳುವುದಿಲ್ಲ. ಪ್ರವಾಸಿಗರ ಹಣ ನಿಂತರೆ ಹುಲ್ಲುಗಾವಲು ಉಳಿಯುತ್ತದೆಂಬ ಭರವಸೆಯೂ ಇಲ್ಲ. ಮಾರಾದ ಸುತ್ತ ಮಸಾಯಿಗಳು ತಮ್ಮ ಜಮೀನನ್ನು ಸೇರಿಸಿ ಪ್ರಾಣಿಗಳಿಗೆ ಬಿಟ್ಟಿರುವ ಸಮುದಾಯ ವನ್ಯಧಾಮಗಳಿವೆ. ಅಲ್ಲಿನ ಪ್ರವಾಸಿ ಶಿಬಿರಗಳು ಅವರಿಗೆ ಬಾಡಿಗೆ ಕೊಡುತ್ತವೆ. ಆ ಬಾಡಿಗೆ ಸಾಕೇ ಎಂಬುದು ಬೇರೆ ಪ್ರಶ್ನೆ. ಆದರೆ ಅದು ದಾನವಲ್ಲ, ಹಕ್ಕಿನ ಹಣ. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿತು.

ಪಟ್ಟಿ ತಿದ್ದಿದೆ. ಒಂದು ದಿನ ಕಡಿಮೆ ಮಾಡಿ, ವಸತಿಯನ್ನು ಅಂಥ ವನ್ಯಧಾಮಕ್ಕೆ ಬದಲಿಸಿದೆ. ಅಣ್ಣ ಒಪ್ಪಿದ. ಉಳಿದದ್ದರಲ್ಲಿ ಮಾವನ ಮರುಬಿತ್ತನೆಗೆ ಸ್ವಲ್ಪ ಕೊಡೋಣವೆಂದೆ. ಮಾವ ಬೇಡವೆಂದರು: “ನೀ ಯಾಕ ಕೊಡ್ತಿ? ನೀ ಏನ್ ತಿಂದೀಯೇನು?”

ಅವರ ಮಾತು ಸರಿ. ಅಳಿಯನಿಂದ ಪಡೆದರೆ ಅದು ಉಪಕಾರವಾಗುತ್ತದೆ. ಚಿಗರಿ ಉಳಿಯಲಿ ಎಂದು ಬಯಸುವ ನಾವೆಲ್ಲರೂ ಸೇರಿ ಕೊಡಬೇಕಾದ ಬಾಕಿ ಅದು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.